ಒಂಬತ್ತು ಸಲ ಗೆದ್ದ ಶಾಸಕರು

ಸಂಜೆ ಹೊತ್ತು. ಕಲ್ಲೂರಿನಲ್ಲಿ ಶಾಲೆಯ ಕಟ್ಟೆ ಮೇಲೆ ಅಕ್ಕಂದಿರು ಕೂತಿದ್ದಾರೆ ಎಂದುಕೊಳ್ಳಿ. ಹೊಲದಿಂದ ಬಂದು, ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ, ಓದಲು ಬಂದವರು. ಅವರಲ್ಲಿ ಒಬ್ಬ ಅಕ್ಕ ಕೇಳುತ್ತಾಳೆ:

"ಎಂಎಲ್ಎ ಅಂದ್ರ ಯಾರ್ರೀ? ವೋಟಿನ ಟೈಮಿಗೆ ಕೈ ಮುಗಕೊಂತ ಬರ್ತಾರ. ಆಮ್ಯಾಲ ಬೆಂಗಳೂರಿಗೆ ಹೋಗ್ತಾರ. ಅಲ್ಲಿ ಕುಂತು ಏನು ಮಾಡ್ತಾರ?"

ಪಕ್ಕದಲ್ಲಿದ್ದ ದೊಡ್ಡವ್ವ ಹೇಳುತ್ತಾಳೆ: "ಬೋರು ಹಾಕಸ್ತಾರ. ರಸ್ತೆ ಮಾಡಸ್ತಾರ. ಮತ್ತೇನೈತಿ?"

ದೊಡ್ಡವ್ವ ಹೇಳಿದ್ದು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಉಳಿದರ್ಧ ತಿಳಿಯಬೇಕು ಅಂದರೆ ಒಬ್ಬ ಶಾಸಕರ ಕಥೆ ಓದೋಣ. ಅವರು ನಮ್ಮ ಕಲ್ಯಾಣ ಕರ್ನಾಟಕದವರೇ. ಒಂಬತ್ತು ಸಲ ಶಾಸಕರಾಗಿ ಗೆದ್ದವರು. ಅವರ ಹೆಸರು ಮಲ್ಲಿಕಾರ್ಜುನ ಖರ್ಗೆ.

ಮೊದಲೇ ಒಂದು ಮಾತು. ಈ ಪಾಠ ಯಾವ ಪಕ್ಷಕ್ಕೂ ವೋಟು ಕೇಳುವುದಿಲ್ಲ. ಯಾರಿಗೆ ವೋಟು ಹಾಕಬೇಕು ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಶಾಸಕರ ಕೆಲಸ ಏನು, ಅವರನ್ನು ಏನು ಕೇಳಬೇಕು ಎಂದು ತಿಳಿಯಲು ಈ ಪಾಠ.

ಶಾಸಕರು ಅಂದರೆ ಯಾರು?

ಶಾಸನ ಅಂದರೆ ಕಾನೂನು. ಕಾನೂನು ಮಾಡುವವರೇ ಶಾಸಕರು. ಇಂಗ್ಲಿಷಿನಲ್ಲಿ ಎಂಎಲ್ಎ ಅನ್ನುತ್ತಾರೆ.

ನಮ್ಮ ರಾಜ್ಯವನ್ನು 224 ಕ್ಷೇತ್ರಗಳಾಗಿ ಹಂಚಿದ್ದಾರೆ. ಒಂದು ಕ್ಷೇತ್ರಕ್ಕೆ ಒಬ್ಬ ಶಾಸಕರು. ರಾಯಚೂರು ಜಿಲ್ಲೆಯಲ್ಲಿ 7 ಕ್ಷೇತ್ರಗಳಿವೆ. ರಾಯಚೂರು, ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರು, ಮಸ್ಕಿ. ಹಿಂದೆ ಕಲ್ಲೂರು ಎಂಬ ಹೆಸರಿನಲ್ಲೇ ಒಂದು ಕ್ಷೇತ್ರ ಇತ್ತು. 2008ರ ಚುನಾವಣೆ ಹೊತ್ತಿಗೆ ಕ್ಷೇತ್ರಗಳ ಗಡಿ ಬದಲಾಯಿತು. ಆಗ ಆ ಹೆಸರು ಹೋಯಿತು.

ಈಗ ನಿಮ್ಮ ಕ್ಷೇತ್ರ ಯಾವುದು? ನಿಮ್ಮ ವೋಟಿನ ಕಾರ್ಡು ತೆಗೆಯಿರಿ. ಹಿಂದೆ ತಿರುಗಿಸಿ. ಅಲ್ಲಿ ನಿಮ್ಮ ಕ್ಷೇತ್ರದ ಹೆಸರು ಬರೆದಿದೆ. ಕೂಡಿಸಿ ಓದಿ.

224 ಶಾಸಕರು ಕೂಡುವ ಸಭೆಯೇ ವಿಧಾನಸಭೆ. ಅದು ಬೆಂಗಳೂರಿನ ವಿಧಾನಸೌಧದಲ್ಲಿ ನಡೆಯುತ್ತದೆ. ಬೆಳಗಾವಿಯ ಸುವರ್ಣಸೌಧದಲ್ಲೂ ನಡೆಯುತ್ತದೆ. ಅಲ್ಲಿ ಶಾಸಕರಿಗೆ ಮೂರು ದೊಡ್ಡ ಕೆಲಸ.

ಒಂದು, ಕಾನೂನು ಮಾಡುವುದು.

ಎರಡು, ಸರ್ಕಾರದ ಖರ್ಚಿಗೆ ಒಪ್ಪಿಗೆ ಕೊಡುವುದು. ನಾವು ಬೆಂಕಿಪೊಟ್ಟಣ ಕೊಂಡರೂ ಅದರಲ್ಲಿ ತೆರಿಗೆ ಇರುತ್ತದೆ. ಆ ಹಣ ಎಲ್ಲಿ ಹೋಗಬೇಕು ಎಂದು ಅಲ್ಲಿ ತೀರ್ಮಾನ ಆಗುತ್ತದೆ.

ಮೂರು, ಪ್ರಶ್ನೆ ಕೇಳುವುದು. "ನಮ್ಮೂರ ಶಾಲೆಗೆ ಮಾಸ್ತರ ಯಾಕಿಲ್ಲ?" ಎಂದು ಶಾಸಕರು ಕೇಳಿದರೆ ಮಂತ್ರಿ ಉತ್ತರ ಕೊಡಬೇಕು.

ಬೋರು, ರಸ್ತೆ, ಶಾಲೆಯ ಕೋಣೆ ಇವು ಊರಿನ ಕೆಲಸಗಳು. ಇದಕ್ಕೆ ಶಾಸಕರ ನಿಧಿ ಅಂತ ಬೇರೆ ಹಣ ಇದೆ. ನಮ್ಮ ರಾಜ್ಯದಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ. ಅದು ಅವರ ಸ್ವಂತ ಹಣವಲ್ಲ. ನಮ್ಮದೇ ಹಣ.

ಸುಟ್ಟ ಮನೆಯಿಂದ ಬಂದ ಹುಡುಗ

ಬೀದರ ಜಿಲ್ಲೆ, ಭಾಲ್ಕಿ ತಾಲ್ಲೂಕು, ವರವಟ್ಟಿ ಎಂಬ ಹಳ್ಳಿ. ಅಲ್ಲಿ 1942ರ ಜುಲೈ 21ರಂದು ಒಂದು ದಲಿತ ಕುಟುಂಬದಲ್ಲಿ ಖರ್ಗೆ ಹುಟ್ಟಿದರು. ತಂದೆಯ ಹೆಸರು ಮಾಪಣ್ಣ.

ಆಗ ಬೀದರ, ಗುಲ್ಬರ್ಗಾ, ರಾಯಚೂರು ಎಲ್ಲವೂ ಹೈದರಾಬಾದ ನಿಜಾಮನ ಕೈಯಲ್ಲಿದ್ದವು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ನಮಗೆ ಬರಲಿಲ್ಲ. ರಜಾಕಾರರ ಹಾವಳಿ ಜೋರಾಗಿತ್ತು. ಹಳ್ಳಿ ಬಿಟ್ಟು ಜನ ಓಡಿಹೋದರು. ನಿಮ್ಮ ಊರಿನ ಹಿರಿಯರೂ ಈ ಕಥೆ ಹೇಳಿರಬಹುದು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿಯಿತು.

ಆ ಗಲಾಟೆಯ ದಿನಗಳಲ್ಲಿ ಖರ್ಗೆಯವರ ಮನೆಗೆ ರಜಾಕಾರರು ಬೆಂಕಿ ಹಚ್ಚಿದರು. ತಾಯಿ ಮತ್ತು ಸಹೋದರಿ ಬೆಂಕಿಯಲ್ಲಿ ತೀರಿಹೋದರು. ತಂದೆ ಮತ್ತು ಮಗ ಉಳಿದರು. ಇದನ್ನು ಅವರ ಮನೆಯವರೇ ಹೇಳಿದ್ದಾರೆ.

ತಂದೆ ಮಗನನ್ನು ಕರಕೊಂಡು ಗುಲ್ಬರ್ಗಾಕ್ಕೆ ಬಂದರು. ಈಗ ಅದನ್ನು ಕಲಬುರಗಿ ಎನ್ನುತ್ತೇವೆ. ಅಲ್ಲಿ ಎಂ.ಎಸ್.ಕೆ. ಮಿಲ್ಲು ಎಂಬ ಬಟ್ಟೆ ಗಿರಣಿ ಇತ್ತು. ತಂದೆ ಆ ಗಿರಣಿಯಲ್ಲಿ ಕೂಲಿಗೆ ಸೇರಿದರು. ಮಗನನ್ನು ಮಾತ್ರ ಶಾಲೆಗೆ ಕಳಿಸಿದರು.

ಹುಡುಗ ನೂತನ ವಿದ್ಯಾಲಯದಲ್ಲಿ ಓದಿದ. ಕಾಲೇಜಿಗೆ ಹೋದ. ಕಾನೂನು ಓದಿ ವಕೀಲನಾದ. ತಂದೆ ಕೂಲಿ ಮಾಡಿದ ಗಿರಣಿಯ ಕಾರ್ಮಿಕರ ಸಂಘಕ್ಕೇ 1969ರಲ್ಲಿ ಕಾನೂನು ಸಲಹೆಗಾರನಾದ. ಅದೇ ವರ್ಷ ಕಾಂಗ್ರೆಸ್ ಪಕ್ಷ ಸೇರಿದ.

ಇಲ್ಲಿ ಒಂದು ನಿಮಿಷ ನಿಲ್ಲಿ, ಅಕ್ಕಂದಿರೇ. ಆ ತಂದೆ ಅಂದು, "ಓದಿ ಏನು ಮಾಡ್ತಿ? ನನ್ನ ಸಂಗಡ ಗಿರಣಿಗೆ ಬಾ" ಅಂದಿದ್ದರೆ? ಈ ಕಥೆಯೇ ಇರುತ್ತಿರಲಿಲ್ಲ.

1972: ಮೊದಲ ಗೆಲುವು

1972ರಲ್ಲಿ ಖರ್ಗೆ ಗುರುಮಠಕಲ್ ಕ್ಷೇತ್ರದಿಂದ ಚುನಾವಣೆಗೆ ನಿಂತರು. ಗುರುಮಠಕಲ್ ನಮಗೆ ದೂರವಲ್ಲ. ಈಗ ಅದು ಯಾದಗಿರಿ ಜಿಲ್ಲೆಯಲ್ಲಿದೆ. ಖರ್ಗೆ ಗೆದ್ದರು. ಆಗ ಅವರಿಗೆ ಇನ್ನೂ 30 ತುಂಬಿರಲಿಲ್ಲ. 25 ವರ್ಷ ತುಂಬಿದವರು ಯಾರಾದರೂ ಶಾಸಕರ ಚುನಾವಣೆಗೆ ನಿಲ್ಲಬಹುದು. ಹೆಣ್ಣಾದರೂ ಸರಿ, ಗಂಡಾದರೂ ಸರಿ.

ಅವರು ಮೊದಲ ಸಲ ವಿಧಾನಸಭೆಗೆ ಹೋದಾಗ ಸಭೆ ನಡೆಸುತ್ತಿದ್ದವರು ಯಾರು ಗೊತ್ತೇ? ಒಬ್ಬ ಹೆಣ್ಣುಮಗಳು! ಕೆ.ಎಸ್. ನಾಗರತ್ನಮ್ಮ ಅವರ ಹೆಸರು. ಮೈಸೂರು ಕಡೆಯ ಗುಂಡ್ಲುಪೇಟೆಯವರು. 1972ರಿಂದ 1978ರವರೆಗೆ ಅವರು ಸಭಾಧ್ಯಕ್ಷರಾಗಿದ್ದರು. ಸಭಾಧ್ಯಕ್ಷರು ಎದ್ದು ನಿಂತರೆ ಮುಖ್ಯಮಂತ್ರಿಯೂ ಮಾತು ನಿಲ್ಲಿಸಿ ಕೂಡಬೇಕು. ಅಷ್ಟು ದೊಡ್ಡ ಕುರ್ಚಿ ಅದು. ನಮ್ಮ ರಾಜ್ಯದಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ ಅವರು. ಅವರೂ ಏಳು ಸಲ ಶಾಸಕಿಯಾಗಿ ಗೆದ್ದವರು.

ಸುಂಕದ ಕಟ್ಟೆ ಹೋಯಿತು

ಆಗ ಪಟ್ಟಣದ ಬಾಗಿಲಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಮಾರಲು ಸಾಮಾನು ತಂದರೆ ಅಲ್ಲಿ ಸುಂಕ ಕೊಡಬೇಕು. ಇದಕ್ಕೆ ಆಕ್ಟ್ರಾಯ್ ಅನ್ನುತ್ತಿದ್ದರು. ಒಂದು ಊರು ದಾಟಿ ಇನ್ನೊಂದು ಊರಿಗೆ ಹೋದರೆ ಮತ್ತೆ ಸುಂಕ. ಗಾಡಿ ನಿಲ್ಲಬೇಕು, ಚೀಟಿ ಪಡೆಯಬೇಕು. ವ್ಯಾಪಾರಿ ಕೊಟ್ಟ ಸುಂಕ ಕಡೆಗೆ ಕೊಳ್ಳುವವರ ತಲೆ ಮೇಲೆಯೇ ಬೀಳುತ್ತಿತ್ತು.

ಇದನ್ನು ತೆಗೆಯಬಹುದೇ ಎಂದು ನೋಡಲು 1973ರಲ್ಲಿ ಒಂದು ಸಮಿತಿ ಆಯಿತು. ಅದಕ್ಕೆ ಖರ್ಗೆ ಅಧ್ಯಕ್ಷರು. ಸಮಿತಿ ವರದಿ ಕೊಟ್ಟಿತು. ಅದರ ಆಧಾರದ ಮೇಲೆ ದೇವರಾಜ ಅರಸು ಸರ್ಕಾರ ಸುಂಕ ತೆಗೆಯಿತು.

ನೋಡಿ, ಇದು ಬೋರು ಹಾಕಿಸಿದಂಥ ಕೆಲಸ ಅಲ್ಲ. ಕಣ್ಣಿಗೆ ಕಾಣುವುದಿಲ್ಲ. ಆದರೆ ರಾಜ್ಯದ ಎಲ್ಲಾ ಪಟ್ಟಣಗಳಿಗೂ ಮುಟ್ಟಿತು. ಶಾಸಕರ ಕೆಲಸದ ಉಳಿದರ್ಧ ಅಂದರೆ ಇದೇ.

ಮಾಸ್ತರರ ಹುದ್ದೆ, ಬಡವರ ಹೊಲ

1976ರಲ್ಲಿ ಖರ್ಗೆ ಪ್ರಾಥಮಿಕ ಶಿಕ್ಷಣದ ರಾಜ್ಯಮಂತ್ರಿಯಾದರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಎಂದು ಮೀಸಲಿಟ್ಟ ಮಾಸ್ತರರ ಹುದ್ದೆಗಳು ತುಂಬದೇ ಖಾಲಿ ಉಳಿದಿದ್ದವು. ಹೀಗೆ ಬಾಕಿ ಉಳಿದ ಹುದ್ದೆಗೆ ಬ್ಯಾಕ್‌ಲಾಗ್ ಅನ್ನುತ್ತಾರೆ. ಅವರ ಕಾಲದಲ್ಲಿ ಅಂಥ 16,000ಕ್ಕೂ ಹೆಚ್ಚು ಹುದ್ದೆ ತುಂಬಿದರು ಎಂದು ಅವರ ಜೀವನ ವಿವರದಲ್ಲಿ ಬರೆದಿದೆ.

ಇನ್ನು ಹೊಲದ ಮಾತು. ಪಾಲಿಗೆ, ಲಾವಣಿಗೆ ಹೊಲ ಮಾಡುವ ಕಷ್ಟ ನಿಮಗೆ ಗೊತ್ತು. ದುಡಿಯುವವರು ಒಬ್ಬರು, ಹೊಲದ ಒಡೆಯರು ಇನ್ನೊಬ್ಬರು. 1974ರಲ್ಲಿ ಅರಸು ಸರ್ಕಾರ ಭೂ ಸುಧಾರಣೆ ಕಾನೂನನ್ನು ಬಿಗಿ ಮಾಡಿತು. ಉಳುವವನೇ ಹೊಲದೊಡೆಯ ಎಂಬುದು ಅದರ ತಿರುಳು. ಗೇಣಿದಾರರು ಅರ್ಜಿ ಹಾಕಬೇಕು. ಭೂ ನ್ಯಾಯಮಂಡಳಿ ವಿಚಾರಣೆ ಮಾಡಬೇಕು. ಆಮೇಲೆ ಹೊಲ ಅವರ ಹೆಸರಿಗೆ ಆಗಬೇಕು.

ಕಾನೂನು ಬಂತು. ಆದರೆ ಅರ್ಜಿಗಳು ರಾಶಿ ಬಿದ್ದವು. 1980ರಲ್ಲಿ ಖರ್ಗೆ ಕಂದಾಯ ಮಂತ್ರಿಯಾದರು. ಅರ್ಜಿ ಬೇಗ ಮುಗಿಯಲಿ ಎಂದು ಆಗ 400ಕ್ಕೂ ಹೆಚ್ಚು ನ್ಯಾಯಮಂಡಳಿಗಳು ಆದವು ಎಂದೂ ಅವರ ಜೀವನ ವಿವರ ಹೇಳುತ್ತದೆ.

ಆದರೆ ಒಂದು ಮಾತು ಮರೆಯಬೇಡಿ. ಅರ್ಜಿ ಹಾಕಿದವರಿಗೆ ಮಾತ್ರ ಹೊಲ ಸಿಗುತ್ತಿತ್ತು. ಅರ್ಜಿ ಹಾಕುವುದು ಹೇಗೆ, ಎಂದು ಕಡೆ ದಿನ ಎಂದು ತಿಳಿಯದವರು ಉಳಿದೇಬಿಟ್ಟರು. ಕಾನೂನು ಬೆಂಗಳೂರಿನಲ್ಲಿ ಹುಟ್ಟಿದರೂ ನಮ್ಮ ಅಂಗಳಕ್ಕೆ ಬರುವುದು ನಾವು ಓದಿ ಕೇಳಿದಾಗಲೇ.

ಒಂಬತ್ತು ಗೆಲುವು

ಖರ್ಗೆ ಗೆದ್ದ ವರ್ಷಗಳನ್ನು ಕೂಡಿ ಓದೋಣ.

1972, 1978, 1983, 1985, 1989, 1994, 1999, 2004. ಈ ಎಂಟು ಸಲ ಗುರುಮಠಕಲ್‌ನಿಂದ.

2008. ಈ ಒಂದು ಸಲ ಚಿತ್ತಾಪುರದಿಂದ.

ಚುನಾವಣೆ ಐದು ವರ್ಷಕ್ಕೊಮ್ಮೆ ಅಲ್ಲವೇ? ಹಾಗಾದರೆ 1983 ಆದ ಮೇಲೆ ಎರಡೇ ವರ್ಷಕ್ಕೆ, 1985ರಲ್ಲಿ, ಯಾಕೆ ಬಂತು? ಆಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ವಿಧಾನಸಭೆ ಅವಧಿಗೆ ಮೊದಲೇ ವಿಸರ್ಜನೆ ಆಯಿತು. ಹಾಗೆ ಆದಾಗ ಬೇಗ ಚುನಾವಣೆ ಬರುತ್ತದೆ.

2008ರಲ್ಲಿ ಕ್ಷೇತ್ರ ಯಾಕೆ ಬದಲಾಯಿತು? ಕಲ್ಲೂರು ಕ್ಷೇತ್ರದ ಹೆಸರು ಹೋಯಿತಲ್ಲ, ಅದೇ ಹೊತ್ತಿಗೆ ಗುರುಮಠಕಲ್ ಮೀಸಲು ಕ್ಷೇತ್ರವಾಗಿ ಉಳಿಯಲಿಲ್ಲ. ಚಿತ್ತಾಪುರ ಮೀಸಲಾಯಿತು. ಖರ್ಗೆ ಅಲ್ಲಿಗೆ ಹೋಗಿ ನಿಂತರು.

ಇಷ್ಟು ವರ್ಷ ಅವರು ಯಾವಾಗಲೂ ಮಂತ್ರಿಯಾಗಿ ಇರಲಿಲ್ಲ. ಅವರ ಪಕ್ಷ ಸೋತಾಗ ವಿರೋಧ ಪಕ್ಷದಲ್ಲಿ ಕೂತರು. 1994ರ ಗೆಲುವಿನ ನಂತರದ ವರ್ಷಗಳಲ್ಲಿ ಒಮ್ಮೆ, 2008ರ ನಂತರ ಇನ್ನೊಮ್ಮೆ ವಿರೋಧ ಪಕ್ಷದ ನಾಯಕರಾದರು. ವಿರೋಧ ಪಕ್ಷದ ಕೆಲಸ ಬರೇ ಬೈಯುವುದಲ್ಲ. ಸರ್ಕಾರ ತಪ್ಪಿದರೆ ತೋರಿಸುವುದು, ಲೆಕ್ಕ ಕೇಳುವುದು. ಮನೆಯ ಖರ್ಚಿನ ಲೆಕ್ಕ ಕೇಳುವ ಅತ್ತೆ ಇದ್ದಂತೆ!

1999ರಿಂದ 2004ರವರೆಗೆ ಅವರು ಗೃಹಮಂತ್ರಿ. ಪೊಲೀಸ್ ಇಲಾಖೆ ಅವರ ಕೈಯಲ್ಲಿತ್ತು. 2000ನೇ ಇಸವಿಯಲ್ಲಿ ವೀರಪ್ಪನ್ ನಟ ರಾಜಕುಮಾರ್ ಅವರನ್ನು ಕಾಡಿಗೆ ಒಯ್ದ. 108 ದಿನ ಇಟ್ಟುಕೊಂಡ. ಆ ಕಷ್ಟದ ದಿನಗಳಲ್ಲಿ ಗೃಹಮಂತ್ರಿ ಇವರೇ.

ಮುಖ್ಯಮಂತ್ರಿ ಆಗಬಹುದು ಎಂದು 1999, 2004, 2013ರಲ್ಲಿ ಅವರ ಹೆಸರು ಕೇಳಿಬಂತು. ಆದರೆ ಆಗಲಿಲ್ಲ.

371(ಜೆ): ನಮ್ಮ ಮಕ್ಕಳ ಕಾನೂನು

2009ರಲ್ಲಿ ಖರ್ಗೆ ಗುಲ್ಬರ್ಗಾದಿಂದ ಲೋಕಸಭೆಗೆ ಗೆದ್ದು ದಿಲ್ಲಿಗೆ ಹೋದರು. ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಯಾದರು. 2013ರಲ್ಲಿ ರೈಲ್ವೆ ಮಂತ್ರಿಯಾದರು.

ಅವರು ಕೇಂದ್ರ ಮಂತ್ರಿಯಾಗಿದ್ದಾಗ ನಮ್ಮ ಭಾಗಕ್ಕೆ ಒಂದು ದೊಡ್ಡ ಕಾನೂನು ಬಂತು. ಸಂವಿಧಾನದಲ್ಲಿ 371(ಜೆ) ಎಂಬ ಹೊಸ ಕಲಮು ಸೇರಿತು. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿತು. 2013ರಲ್ಲಿ ಜಾರಿಗೆ ಬಂತು.

ಇದು ಒಬ್ಬರಿಂದ ಆದದ್ದಲ್ಲ. ವೈಜನಾಥ ಪಾಟೀಲರಂಥ ಹೋರಾಟಗಾರರು ವರ್ಷಗಟ್ಟಲೆ ಬೀದಿಯಲ್ಲಿ ಹೋರಾಡಿದರು. ಬೇರೆ ಬೇರೆ ಪಕ್ಷದವರು ದನಿಗೂಡಿಸಿದರು. ಖರ್ಗೆ, ಧರಂಸಿಂಗ್ ದಿಲ್ಲಿಯಲ್ಲಿ ಒತ್ತಾಯ ಮಾಡಿದರು. ಬೀದಿಯ ಕೂಗು ಸಂಸತ್ತಿನೊಳಗೆ ಹೋದಾಗ ಕಾನೂನು ಆಯಿತು.

ಈ ಕಾನೂನಿನಿಂದ ರಾಯಚೂರು, ಬೀದರ, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಏನು ಸಿಕ್ಕಿತು? ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮ್ಮ ಭಾಗದ ಮಕ್ಕಳಿಗೆ. ರಾಜ್ಯದ ಬೇರೆ ಕಡೆ ನೂರಕ್ಕೆ 8. ನಮ್ಮ ಭಾಗದ ಸರ್ಕಾರಿ ನೌಕರಿಯಲ್ಲೂ ಹೆಚ್ಚಿನ ಪಾಲು ನಮ್ಮವರಿಗೆ. ಸಿಪಾಯಿಯಂಥ ಡಿ ದರ್ಜೆ ನೌಕರಿಯಲ್ಲಿ ನೂರಕ್ಕೆ 85.

ಆದರೆ ಇದು ತಾನಾಗಿ ಮನೆಗೆ ಬರುವುದಿಲ್ಲ. 371(ಜೆ) ಪ್ರಮಾಣಪತ್ರ ಬೇಕು. ಅದನ್ನು ಸಹಾಯಕ ಆಯುಕ್ತರ ಕಚೇರಿ ಕೊಡುತ್ತದೆ. ನಿಮ್ಮ ಮಗಳು ಪಿಯುಸಿ ಓದುತ್ತಿದ್ದರೆ ಈಗಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಸೀಟಿನ ಟೈಮಿಗೆ ಓಡಾಡಿದರೆ ತಡವಾಗಬಹುದು.

ಸೋಲು

ಖರ್ಗೆ 1972ರಿಂದ 2014ರವರೆಗೆ ಒಮ್ಮೆಯೂ ಸೋಲಲಿಲ್ಲ. ವಿಧಾನಸಭೆಗೆ ಒಂಬತ್ತು ಸಲ, ಲೋಕಸಭೆಗೆ ಎರಡು ಸಲ. ಒಟ್ಟು ಹನ್ನೊಂದು. ಜನ ಅವರನ್ನು "ಸೋಲಿಲ್ಲದ ಸರದಾರ" ಎಂದು ಕರೆದರು.

2019ರಲ್ಲಿ ಸೋಲು ಬಂತು. ಕಲಬುರಗಿಯಲ್ಲಿ ಉಮೇಶ ಜಾಧವ ಅವರು ಖರ್ಗೆಯವರನ್ನು ಸೋಲಿಸಿದರು. 95,000ಕ್ಕೂ ಹೆಚ್ಚು ಮತಗಳ ಅಂತರ.

ಮುಂದೆ 2020ರಲ್ಲಿ ಅವರು ರಾಜ್ಯಸಭೆಗೆ ಹೋದರು. 2022ರಲ್ಲಿ ಕಾಂಗ್ರೆಸ್ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾಗಿ ಆಯ್ಕೆಯಾದರು. ಕರ್ನಾಟಕದಿಂದ ಎಸ್. ನಿಜಲಿಂಗಪ್ಪನವರ ನಂತರ ಆ ಜಾಗಕ್ಕೆ ಹೋದವರು ಇವರೇ.

ಆದರೂ 2019ರ ಪಾಠ ದೊಡ್ಡದು. ಎಷ್ಟು ದೊಡ್ಡ ನಾಯಕರಾದರೂ ವೋಟಿನ ಪೆಟ್ಟಿಗೆ ಮುಂದೆ ಒಂದೇ. ಕುರ್ಚಿ ಅವರದಲ್ಲ. ಜನ ಐದು ವರ್ಷಕ್ಕೆ ಕೊಟ್ಟದ್ದು. ಜನ ಬೇಕೆಂದರೆ ಮತ್ತೆ ಕೊಡುತ್ತಾರೆ. ಬೇಡವೆಂದರೆ ತೆಗೆದುಕೊಳ್ಳುತ್ತಾರೆ.

ದೊಡ್ಡವ್ವನ ಪ್ರಶ್ನೆ

ಇಷ್ಟು ಕೇಳಿದ ಮೇಲೆ ದೊಡ್ಡವ್ವ ಸುಮ್ಮನಿರುತ್ತಾಳೆಯೇ?

"ಒಂಬತ್ತು ಸಲ ಗೆದ್ರು, ಮಂತ್ರಿ ಆದ್ರು, ಖರೆ. ಮತ್ತ ನಮ್ಮ ಕಡೀ ಮಂದಿ ಇನ್ನೂ ಯಾಕ ದುಡಿಯಾಕ ಬೆಂಗಳೂರಿಗೆ ಗುಳೆ ಹೋಗ್ತಾರ?"

ಇದು ಸರಿಯಾದ ಪ್ರಶ್ನೆ. ಮುಚ್ಚಿಡುವುದು ಬೇಡ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿತು. ಅತಿ ಹಿಂದುಳಿದವು 39. ಅದರಲ್ಲಿ 21 ನಮ್ಮ ಭಾಗದವು. ನಮ್ಮ ದೇವದುರ್ಗವೂ ಅದರಲ್ಲಿ ಇತ್ತು. 2018ರಲ್ಲಿ ಕೇಂದ್ರ ಸರ್ಕಾರ ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿತು. ಕರ್ನಾಟಕದಿಂದ ಎರಡು ಜಿಲ್ಲೆ. ಒಂದು ರಾಯಚೂರು. ಇನ್ನೊಂದು ಯಾದಗಿರಿ. ಖರ್ಗೆ ಎಂಟು ಸಲ ಗೆದ್ದ ಗುರುಮಠಕಲ್ ಇರುವ ಜಿಲ್ಲೆಯೇ ಅದು.

ಹಾಗಾದರೆ ದೊಡ್ಡ ನಾಯಕರು ಇದ್ದರೆ ಸಾಲದು. ಅವರು ಕಾನೂನು ತರಬಹುದು, ಹಣ ತರಬಹುದು. ಆ ಹಣ ಊರಿಗೆ ಬಂತೇ? ಮಾಸ್ತರರು ದಿನಾ ಬರುತ್ತಾರೆಯೇ? ಆಸ್ಪತ್ರೆಯಲ್ಲಿ ನರ್ಸು ಇದ್ದಾರೆಯೇ? ಇದನ್ನು ನೋಡುವವರು, ಕೇಳುವವರು ಊರಲ್ಲೇ ಬೇಕು. ಅವರು ಯಾರು? ನಾವೇ.

ನಮ್ಮ ವೋಟು, ನಮ್ಮ ಮಾತು

ಎಷ್ಟೋ ಮನೆಗಳಲ್ಲಿ ಗಂಡ ಹೇಳಿದ ಗುರುತಿಗೆ ಹೆಂಡತಿ ವೋಟು ಹಾಕುತ್ತಾಳೆ. ಕೆಲವು ಕಡೆ ಸೀರೆಗೆ, ದುಡ್ಡಿಗೆ ವೋಟು ಹೋಗುತ್ತದೆ. ಅಕ್ಕಂದಿರೇ, ಲೆಕ್ಕ ಹಾಕಿ. ಐದು ನೂರು ರೂಪಾಯಿ ತೊಗೊಂಡರೆ ಐದು ವರ್ಷಕ್ಕೆ ವರ್ಷಕ್ಕೆ ನೂರು. ಅಷ್ಟಕ್ಕೆ ನಮ್ಮ ಬಾಯಿ ಮುಚ್ಚಿಹೋಯಿತು. ನಾಳೆ ಯಾವ ಮುಖದಿಂದ ಕೇಳುವುದು?

ವೋಟು ಗುಟ್ಟಿನದು. ಒಳಗೆ ನೀವು ಯಾವ ಗುಂಡಿ ಒತ್ತಿದಿರಿ ಎಂದು ಯಾರಿಗೂ ಹೇಳಬೇಕಿಲ್ಲ. ಗಂಡನಿಗೂ ಹೇಳಬೇಕಿಲ್ಲ.

ವೋಟು ಹಾಕುವುದಷ್ಟೇ ಅಲ್ಲ, ನಿಂತು ಗೆಲ್ಲಲೂಬಹುದು. 2023ರ ಚುನಾವಣೆಯಲ್ಲಿ ನಮ್ಮ ದೇವದುರ್ಗದಿಂದ ಕರೆಮ್ಮ ಜಿ. ನಾಯಕ ಗೆದ್ದು ಶಾಸಕಿಯಾದರು. ಆದರೆ ಆ ಚುನಾವಣೆಯಲ್ಲಿ 224 ಜಾಗಗಳಲ್ಲಿ ಗೆದ್ದ ಮಹಿಳೆಯರು 10 ಮಾತ್ರ. ಗ್ರಾಮ ಪಂಚಾಯತಿಯಲ್ಲಿ ಅರ್ಧದಷ್ಟು ಜಾಗ ನಮಗೆ ಮೀಸಲು. ವಿಧಾನಸಭೆಯಲ್ಲೂ, ಲೋಕಸಭೆಯಲ್ಲೂ ಮೂರರಲ್ಲಿ ಒಂದು ಜಾಗ ಮಹಿಳೆಯರಿಗೆ ಎಂದು 2023ರಲ್ಲಿ ಸಂಸತ್ತು ಕಾನೂನು ಮಾಡಿದೆ. ಜನಗಣತಿ ಮತ್ತು ಕ್ಷೇತ್ರಗಳ ಮರುಹಂಚಿಕೆ ಆದ ಮೇಲೆ ಅದು ಜಾರಿಗೆ ಬರಬೇಕು ಎಂದು ಆ ಕಾನೂನಿನಲ್ಲಿ ಬರೆದಿದೆ.

ಮುಂದಿನ ಸಲ ಶಾಸಕರು ಊರಿಗೆ ಬಂದಾಗ ಹಿಂದೆ ನಿಲ್ಲಬೇಡಿ. ನಾಲ್ಕು ಮಂದಿ ಕೂಡಿ ಹೋಗಿ. ಒಂದು ಹಾಳೆಯ ಮೇಲೆ ನಿಮ್ಮ ಬೇಡಿಕೆ ಬರೆಯಿರಿ. ತಾರೀಖು ಹಾಕಿ. ಸಹಿ ಮಾಡಿ. ಈಗ ನಿಮಗೆ ಹೆಬ್ಬೆಟ್ಟು ಬೇಕಿಲ್ಲ. ಅದರ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮೂರು ತಿಂಗಳ ಮೇಲೆ ಅದನ್ನೇ ಹಿಡಿದು, "ಸಾಹೇಬ್ರ, ಇದು ಏನಾಯ್ತು?" ಅಂತ ಕೇಳಿ.

ವಿಧಾನಸಭೆಯಲ್ಲಿ ಶಾಸಕರು ಮಂತ್ರಿಯನ್ನು ಕೇಳುತ್ತಾರೆ. ಊರಲ್ಲಿ ನಾವು ಶಾಸಕರನ್ನು ಕೇಳಬೇಕು.

ಹೇಳಿ ನೋಡೋಣ

1. ನಿಮ್ಮ ವಿಧಾನಸಭಾ ಕ್ಷೇತ್ರ ಯಾವುದು? ನಿಮ್ಮ ಶಾಸಕರ ಹೆಸರೇನು?
2. ವಿಧಾನಸಭೆಯಲ್ಲಿ ಶಾಸಕರ ಮೂರು ಕೆಲಸ ಯಾವುವು?
3. ಖರ್ಗೆ ಎಷ್ಟು ಸಲ ಶಾಸಕರಾಗಿ ಗೆದ್ದರು? ಮೊದಲು ಸೋತದ್ದು ಯಾವಾಗ?
4. ನಿಮ್ಮ ಮನೆಯಲ್ಲಿ ಯಾರಿಗೆ 371(ಜೆ) ಪ್ರಮಾಣಪತ್ರ ಬೇಕಾಗಬಹುದು?

ಮಾಡಿ ನೋಡೋಣ

ನಿಮ್ಮ ಓಣಿಗೆ ಬೇಕಾದ ಒಂದು ಕೆಲಸ ಆರಿಸಿ. ಎಲ್ಲರೂ ಕೂಡಿ ಶಾಸಕರಿಗೆ ಒಂದು ಅರ್ಜಿ ಬರೆಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ. ಆಮೇಲೆ ಎಲ್ಲರೂ ಸಹಿ ಮಾಡಿ.